ಹೋದ ವಾರದ ಮೂಲಂಗಿ ಏನು ಮಾಡಿದಿರಿ?

ಶನಿವಾರ ಬೆಳಿಗ್ಗೆ ನಮ್ಮ ಗೇಟಿನ ಮುಂದೆ ಗೂಡ್ಸ್ ಆಟೋ ನಿಂತ ಸದ್ದಾದರೆ, ದೇವರ ಮುಂದೆ ಕೂತ ನಮ್ಮತ್ತೆ ವಿಭೂತಿ ಬಟ್ಟಲನ್ನು ಕೆಳಗಿಟ್ಟು ಎದ್ದೇಬಿಡುತ್ತಾರೆ. "ಬಂದ್ಲು ನೋಡವ್ವ ನಮ್ಮ ಹೊಲದಾಕಿ!"

ಹೊಲ ನಮ್ಮದಲ್ಲ. ಮಾಗಡಿ ರಸ್ತೆಯಲ್ಲಿ ತಾವರೆಕೆರೆ ದಾಟಿ, ಅಲ್ಲಿಂದ ಮಣ್ಣಿನ ದಾರಿಯಲ್ಲಿ ಒಂದಷ್ಟು ದೂರ ಹೋದರೆ ಸಿಗುವ ಎರಡೂವರೆ ಎಕರೆ ಅದು. ಬಸವೇಶ್ವರನಗರದ ನಮ್ಮ ಪೋರ್ಟಿಕೋದಲ್ಲಿ ಕೂತು ಅತ್ತೆ ಅದನ್ನು ನಮ್ಮದು ಎನ್ನುವುದಕ್ಕೆ ಕಾರಣ, ಅಲ್ಲಿ ಅವರ ಪುಂಡಿ ಇದೆ. ದಾವಣಗೆರೆ ಕಡೆಯ ತವರಿನಿಂದ ಸೆರಗಿನ ತುದಿಗೆ ಕಟ್ಟಿ ತಂದ ಹುಳಿ ಪುಂಡಿ ಸೊಪ್ಪಿನ ಬೀಜವನ್ನು ನಾಲ್ಕು ವರ್ಷದ ಹಿಂದೆ ಹೊಲದಾಕೆಯ ಕೈಗೆ ಕೊಟ್ಟು, "ಇದನ್ನ ಬಿತ್ತು, ನಿಮ್ಮ ಬೆಂಗಳೂರು ಮಂದಿಗೂ ಬಾಯಿ ರುಚಿ ಗೊತ್ತಾಗ್ಲಿ" ಅಂದಿದ್ದರು. ಆಕೆ ಒಂದು ಸಾಲು ಬಿತ್ತಿದಳು. ಅವತ್ತಿನಿಂದ ಅದು ‘ನಮ್ಮ ಹೊಲ’, ಆಕೆ ನಮಗೆಲ್ಲ ‘ಹೊಲದಾಕಿ’.

ನಮ್ಮ ಏರ್ಪಾಡು ಸರಳ. ನಾವು ಹದಿನೆಂಟು ಮನೆಯವರು ಬಿತ್ತನೆಗೆ ಮೊದಲೇ ಆಕೆಗೆ ಮುಂಗಡ ಕೊಟ್ಟು, ಈ ಸಲ ನೀನು ಬೆಳೆದದ್ದೆಲ್ಲ ನಮ್ಮದು ಎಂದು ಮಾತು ಕೊಡುತ್ತೇವೆ. ಆಕೆ ಬೆಳೆದದ್ದನ್ನು ಹದಿನೆಂಟು ಪಾಲು ಮಾಡಿ, ಬಟ್ಟೆ ಚೀಲಗಳಲ್ಲಿ ತುಂಬಿ, ವಾರಕ್ಕೊಮ್ಮೆ ನಮ್ಮ ಪೋರ್ಟಿಕೋಗೆ ತರುತ್ತಾಳೆ. ಜಾಸ್ತಿ ಬಂದರೆ ಜಾಸ್ತಿ, ಕಮ್ಮಿ ಬಂದರೆ ಕಮ್ಮಿ. ಇದು ಬೇಕು, ಅದು ಬೇಡ ಎನ್ನುವ ಹಾಗಿಲ್ಲ. ಹದಿನೈದು ಮನೆಗಿಂತ ಕಡಿಮೆಯಾದರೆ ಮಾತ್ರ ಕಷ್ಟ. "ಅಷ್ಟಕ್ಕೆ ಗಾಡಿ ತರಕ್ಕಾಗಲ್ಲ ಕಣಕ್ಕ. ಮತ್ತೆ ಮಂಡಿಗೇ ಹಾಕ್ಬೇಕಾಯ್ತದೆ" ಎಂದು ಆಕೆ ಮೊದಲೇ ಹೇಳಿದ್ದಳು.

ಆಕೆಯದು ಒಂದೇ ಒಂದು ಷರತ್ತು. ಚೀಲ ಕೈಗೆ ಬರಬೇಕಾದರೆ ಒಂದು ಪ್ರಶ್ನೆಗೆ ಉತ್ತರ ಹೇಳಬೇಕು: "ಹೋದ್ ವಾರದ್ದು ಏನ್ ಮಾಡಿದ್ರಿ?" ಹೇಳುವವರೆಗೆ ಚೀಲದ ಹಿಡಿಯನ್ನು ಬಿಡುವುದಿಲ್ಲ.

ಕುರುಬರಹಳ್ಳಿಯಿಂದ ಸ್ಕೂಟರಿನಲ್ಲಿ ಬರುವ ಬ್ಯಾಂಕಿನ ಹುಡುಗಿ (ಹುಡುಗಿ ಎನ್ನುವುದು ನನ್ನ ಲೆಕ್ಕ, ಮಗನೇ ಐದನೇ ಕ್ಲಾಸು) ಮೊದಲ ಸಲ ಸಿಕ್ಕಿಬಿದ್ದಳು.

"ಇನ್ನೂ ಫ್ರಿಡ್ಜಲ್ಲೇ ಇದೆ ಆಂಟಿ."

"ಫ್ರಿಡ್ಜಲ್ಲಿ ಇಡಕ್ಕೆ ನಾನ್ಯಾಕವ್ವ ಕತ್ಲಲ್ಲಿ ಎದ್ದು ಕೀಳ್ಬೇಕಿತ್ತು? ಗಿಡದಲ್ಲೇ ತಣ್ಣಗಿರ್ತಿತ್ತು."

ಅವಳು ಮಾರನೆಯ ವಾರ ಮಾಡಿದ ಪಲ್ಯದ ಫೋಟೋವನ್ನೇ ತಂದಳು.

ಅಂಗಡಿಯಲ್ಲಿ ಕೈಗೆಟಕುವುದನ್ನು ಬಿಟ್ಟು ಈ ತಾಪತ್ರಯ ಯಾಕೆ ಎಂದು ನಾನೇ ಹಲವರನ್ನು ಕೇಳಿದ್ದೇನೆ. ಬ್ಯಾಂಕಿನವಳು, "ಇವತ್ತೇನು ಅಡುಗೆ ಅಂತ ತಲೆ ಕೆಡಿಸ್ಕೊಳ್ಳೋದೇ ತಪ್ಪಿತು ಆಂಟಿ, ಚೀಲ ಹೇಳಿದ್ದೇ ಅಡುಗೆ" ಎಂದಳು. ನಮ್ಮ ಸಾಲಿನಲ್ಲೇ ಮೂರನೇ ಮನೆಯ ಸಾಹೇಬರು ಕಂದಾಯ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ಅವರ ಕಾರಣವೇ ಬೇರೆ. "ಮೇಡಂ, ಮೂವತ್ತು ವರ್ಷ ಬೇರೆಯವರ ಪಹಣಿ ನೋಡಿದೆ. ನನ್ನ ಹೆಸರಲ್ಲಿ ಒಂದು ಗುಂಟೆ ಇಲ್ಲ. ಇಲ್ಲಿ ಹದಿನೆಂಟನೇ ಒಂದು ಪಾಲು ಸಿಕ್ಕಿತಲ್ಲ, ಸಾಕು."

ಹೊಲದಾಕೆಯ ಕಾರಣವನ್ನು ಒಂದು ದಿನ ಕಾಫಿ ಕೊಡುತ್ತಾ ಕೇಳಿದ್ದೆ. ಒಂದು ಗುಟುಕು ಕುಡಿದು ಹೇಳಿದಳು, "ಮಂಡೀಲಿ ಮೂಟೆ ಇಳಿಸ್ಕೊಂಡ್ರೆ ಮುಗೀತು ಕಣಕ್ಕ. ಅದು ಯಾರ್ ತಟ್ಟೆಗೆ ಹೋಯ್ತು, ಚೆನ್ನಾಗಿತ್ತಾ, ಕಹಿಯಾಗಿತ್ತಾ, ಒಬ್ರೂ ಹೇಳಲ್ಲ. ಮಗಳ್ನ ಮದ್ವೆ ಮಾಡಿ ಕಳಿಸಿ, ಸುದ್ದೀನೇ ಬರ್ದಂಗಿದ್ರೆ ಹೆಂಗಿರ್ತದೆ? ಹಂಗೆ."

ಇಷ್ಟು ಕೇಳಿಸಿಕೊಂಡ ಮೇಲೂ ನಾನು ಆ ಕೆಲಸ ಮಾಡಿದೆನಲ್ಲ!

ಕಳೆದ ಮಳೆಗಾಲದಲ್ಲಿ ಮಳೆ ಹಿಡಿದದ್ದು ಬಿಡಲೇ ಇಲ್ಲ. ಟೊಮೇಟೊ ಗಿಡ ಕೊಳೆತವು. ಹುರುಳಿಕಾಯಿಯ ಹೂವೆಲ್ಲ ಉದುರಿತು. ಅದರ ಮೇಲೆ ಹೊಲದಾಕೆ ಬದುವಿನ ಮೇಲೆ ಜಾರಿ ಕಾಲು ಉಳುಕಿಸಿಕೊಂಡಳು. ಗಂಡ ಕಿತ್ತು ತುಂಬಿದ್ದನ್ನು ಆಟೋದವನು ತಂದಿಳಿಸಿ ಹೋಗುತ್ತಿದ್ದ. ಅವಳ ಪ್ರಶ್ನೆ ಕೇಳುವ ಕೆಲಸವನ್ನು ನಾನು ವಹಿಸಿಕೊಂಡೆ. ಎಲ್ಲರ ಉತ್ತರವನ್ನೂ ಮಧ್ಯಾಹ್ನ ಫೋನಿನಲ್ಲಿ ಒಪ್ಪಿಸಬೇಕು.

ಮೊದಲ ವಾರದ ಚೀಲದಲ್ಲಿ ಮೂಲಂಗಿ ಮತ್ತು ದಂಟಿನ ಸೊಪ್ಪು. ಎರಡನೇ ವಾರ ಮೂಲಂಗಿ, ಒಂದು ಹಿಡಿ ಪುಂಡಿ. ದಿಬ್ಬದ ಮೇಲೆ ಬೆಳೆದದ್ದು ಅದೊಂದೇ ಉಳಿದಿತ್ತು.

"ಏನ್ ಮೇಡಂ, ನಮ್ಮನ್ನ ಮೊಲ ಅಂದ್ಕೊಂಡ್ರಾ?" ಎಂದರು ಸಾಹೇಬರು, ಚೀಲದೊಳಗೆ ಇಣುಕಿ.

"ನನ್ ಮಗ ಡಬ್ಬಿ ಮುಚ್ಚಳ ತೆಗೆದ್ರೆ ಪಕ್ಕದ್ ಹುಡುಗ ಎದ್ದು ಹಿಂದಿನ್ ಬೆಂಚಿಗೆ ಹೋಗ್ತಾನಂತೆ ಆಂಟಿ. ಹಿಂಗೇ ಆದ್ರೆ ನಾನು ಬಿಟ್ಬಿಡ್ತೀನಿ" ಎಂದಳು ಬ್ಯಾಂಕಿನವಳು.

ಶ್ರೀಗಂಧದ ಕಾವಲಿನಿಂದ ಬರುವ ದಂಪತಿಯ ಮುಖವೇ ಹೇಳಿತು. ಮನಸ್ಸಿನಲ್ಲೇ ಎಣಿಸಿದೆ. ಗೊಣಗುವ ಮನೆಗಳು ಐದು. ಹದಿನೆಂಟರಲ್ಲಿ ಐದು ಹೋದರೆ ಹದಿಮೂರು. ಶನಿವಾರದ ಆಟೋ ನಿಂತಂತೆ. ಅಲ್ಲಿ ಕಾಲಿಗೆ ಪಟ್ಟಿ ಕಟ್ಟಿಕೊಂಡು ಕೂತವಳಿಗೆ ಇದನ್ನು ಯಾವ ಬಾಯಲ್ಲಿ ಹೇಳಲಿ?

ಮೂರನೇ ವಾರದ ಶುಕ್ರವಾರ ಸಂಜೆ ವಿಜಯನಗರದ ಮಾರ್ಕೆಟ್ಟಿಗೆ ಹೋದೆ. ಟೊಮೇಟೊ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಆರಿಸಿದೆ. ಗುಂಡಗೆ ಹೊಳೆಯುವುದನ್ನೆಲ್ಲ ಪಕ್ಕಕ್ಕಿಟ್ಟು, ತೊಟ್ಟಿನ ಬಳಿ ಸೀಳಿದ್ದು, ಒಂದು ಕಡೆ ಹಸಿರುಳಿದದ್ದು, ಹೊಲದಾಕೆಯ ಗಿಡದವೇ ಎನ್ನಿಸುವಂಥವನ್ನೇ ಬುಟ್ಟಿಗೆ ಹಾಕಿಕೊಂಡೆ. ವ್ಯಾಪಾರದವನು ನೋಡಿಯೇ ನೋಡಿದ. "ಏನ್ ಆಂಟಿ, ಎಲ್ರೂ ಒಳ್ಳೇದ್ ಆರಿಸಿದ್ರೆ ನೀವು ಸೊಟ್ಟದ್ನೇ ಹುಡುಕ್ತಿದೀರಾ?"

ಬೆಳಿಗ್ಗೆ ಆಟೋ ಹೋದ ಮೇಲೆ, ಜನ ಬರುವ ಮೊದಲು, ಹದಿನೆಂಟು ಚೀಲಕ್ಕೂ ಟೊಮೇಟೊ, ಒಂದೊಂದು ಹಿಡಿ ಹುರುಳಿಕಾಯಿ ಹಾಕಿದೆ. ಅಷ್ಟಕ್ಕೇ ನಿಂತೆನೇ? ಹೂವಿನ ಕುಂಡದಿಂದ ಒಂದು ಚಿಟಿಕೆ ಮಣ್ಣು ತೆಗೆದು ಟೊಮೇಟೊಗಳಿಗೆ ಸವರಿದೆ.

ಬಾಗಿಲಲ್ಲಿ ಅತ್ತೆ ನಿಂತಿದ್ದರು. "ಏನವ್ವ, ಇದು ಯಾರ ಹೊಲದ್ದು?"

"ಸುಮ್ನಿರಿ ಅತ್ತೆ. ಅವಳಿಗೇ ಒಳ್ಳೇದಾಗ್ಲಿ ಅಂತ."

"ಆಕಿಗೆ ಒಳ್ಳೇದು ಯಾವ್ದಂತ ಆಕಿನ್ನ ಕೇಳಿದ್ಯಾ?"

ನಾನು ಕೇಳಿಸದವಳ ಹಾಗೆ ಕೈ ತೊಳೆಯಲು ಹೋದೆ.

ಗೊಣಗಾಟ ನಿಂತಿತು. ಮೂರು ವಾರ ಹಾಗೇ ನಡೆಸಿದೆ. ಆಯಾ ಮನೆಯವರು ಟೊಮೇಟೊ ತಿಳಿಸಾರು, ಗೊಜ್ಜು ಎಂದು ಹೇಳಿದರೆ ನಾನು ಫೋನಿನಲ್ಲಿ ಮೂಲಂಗಿ ಹುಳಿ, ಮೂಲಂಗಿ ಚಟ್ನಿ, ಮೂಲಂಗಿ ರೊಟ್ಟಿ ಎಂದು ಒಪ್ಪಿಸುತ್ತಿದ್ದೆ. ಸಾಹೇಬರ ಮನೆಯಲ್ಲಿ ಮೂಲಂಗಿ ಪಕೋಡ ಮಾಡಿ ಬೀಗರಿಗೂ ಬಡಿಸಿದರಂತೆ ಎಂದೂ ಒಂದು ಸಲ ಬಿಟ್ಟೆ.

"ಹೌದಾ ಅಕ್ಕ! ಬರೀ ಮೂಲಂಗಿ ಅಂತ ಯಾರೂ ಬೇಜಾರ್ ಮಾಡ್ಕೊಳ್ಲಿಲ್ವಾ?"

"ಇಲ್ಲ ಕಣಮ್ಮ. ಖುಷಿಯಾಗಿ ತಿಂತಿದಾರೆ."

ಆ ಕಡೆಯಿಂದ ನಿಟ್ಟುಸಿರು ಕೇಳಿಸಿತು. ಎಂಥ ಉಪಕಾರ ಮಾಡಿದೆ ಎಂದು ನಾನೂ ಬೀಗಿದೆ.

ಆರನೇ ಶನಿವಾರ ಆಟೋದಿಂದ ಮೊದಲು ಒಂದು ಕೋಲು ಇಳಿಯಿತು, ಆಮೇಲೆ ಹೊಲದಾಕೆ. ಹೇಳದೆ ಕೇಳದೆ ಬಂದಿದ್ದಳು. ಹಿಂದಿನ ಸಂಜೆ ತಂದ ಟೊಮೇಟೊ ಬಾಗಿಲ ಹಿಂದೆ ಬುಟ್ಟಿಯಲ್ಲಿತ್ತು. ಅದರ ಮೇಲೊಂದು ಟವೆಲ್ ಎಳೆದು ಹೊರಗೆ ಬರುವಷ್ಟರಲ್ಲಿ ಬ್ಯಾಂಕಿನವಳ ಸ್ಕೂಟರ್ ಬಂದಾಗಿತ್ತು.

"ಅಯ್ಯೋ ಆಂಟಿ, ಬಂದ್ರಾ! ಕಾಲು ಹೆಂಗಿದೆ?"

"ಪರ್ವಾಗಿಲ್ಲ ಕಣವ್ವ. ಹೋದ್ ವಾರದ್ದು ಏನ್ ಮಾಡ್ದೆ?"

"ಗೊಜ್ಜು ಆಂಟಿ! ನನ್ ಮಗ ತಟ್ಟೆ ನೆಕ್ಕಿದಾನೆ. ಈ ಮಳೇಲೂ ಅಷ್ಟ್ ಚೆನ್ನಾಗಿ ಟೊಮೇಟೊ ಹೆಂಗ್ ಬೆಳೆದ್ರಿ?"

ಹೊಲದಾಕೆ ಅವಳನ್ನು ನೋಡಿದಳು. ಆಮೇಲೆ ನನ್ನನ್ನು. "ಟೊಮೇಟೊನಾ?" ಎಂದಳು, ಮೆಲ್ಲಗೆ.

ಅವತ್ತು ಉಳಿದ ಚೀಲಗಳನ್ನೆಲ್ಲ ಆಕೆ ಪ್ರಶ್ನೆ ಕೇಳದೆ ಕೊಟ್ಟಳು. ಉತ್ತರ ತಯಾರು ಮಾಡಿಕೊಂಡು ಬಂದವರು ಪೆಚ್ಚಾಗಿ ಹೋದರು. ನಾನು ತಂದ ಕಾಫಿಯನ್ನು ಮುಟ್ಟದೆ ಆಟೋ ಹತ್ತಿದಳು.

ಅತ್ತೆ ಬೈಯುತ್ತಾರೆ ಎಂದುಕೊಂಡಿದ್ದೆ. "ಸೋಮವಾರ ಹೋಗಿ ಬರೋಣ, ನಾನೂ ಬರ್ತೀನಿ. ಈಗ ಆ ಟಮಾಟಿ ಚಟ್ನಿ ಮಾಡು, ಕೆಟ್ಟು ಹೋಗ್ತಾವೆ" ಎಂದಷ್ಟೇ ಹೇಳಿದರು. ನಾನು ಕೂತು ಟೊಮೇಟೊ ಹೆಚ್ಚಿದೆ.

ಸೋಮವಾರ ಬಸ್ಸಿನಲ್ಲಿ ಹೋದೆವು. ಬದುವಿನ ಪಕ್ಕ ಕಿತ್ತೆಸೆದ ಟೊಮೇಟೊ ಗಿಡಗಳು ಕಪ್ಪಗೆ ರಾಶಿಬಿದ್ದಿದ್ದವು. ಹೊಲದಾಕೆ ಮಣೆಯಂಥ ಕಲ್ಲಿನ ಮೇಲೆ ಕಾಲು ಚಾಚಿ ಕೂತು, ಬಾಳೆನಾರಿನಲ್ಲಿ ಸೊಪ್ಪು ಕಟ್ಟುತ್ತಿದ್ದಳು. ಬನ್ನಿ ಎಂದಳು, ಚಾಪೆ ಹಾಸಿದಳು, ಮಜ್ಜಿಗೆ ಕೊಟ್ಟಳು. ಮರ್ಯಾದೆಗೇನೂ ಕಡಿಮೆಯಿಲ್ಲ. ಅದೇ ಭಯವಾಯಿತು. ಅತ್ತೆ ಪುಂಡಿ ನೋಡಿಕೊಂಡು ಬರುತ್ತೇನೆಂದು ಎದ್ದು ಹೋದರು.

"ನಿನಗೆ ನೋವಾಗಬಾರದು ಅಂತ ಮಾಡ್ದೆ ಕಣೇ. ಐದು ಮನೆ ಬಿಟ್ಟೋಗ್ತಿದ್ವು."

"ಹೋಗ್ಲಿ ಬಿಡಿ ಅಕ್ಕ. ಅದಲ್ಲ ನನ್ ಬೇಜಾರು." ನಾರಿನ ಗಂಟು ಬಿಗಿದಳು. "ಕಾಲ್ ನೋವಲ್ಲಿ ಮನ್ಗಿದ್ದಾಗ ನನ್ ಗಂಡಂಗೆ ದಿನಾ ಹೇಳ್ತಿದ್ದೆ, ನೋಡಿ, ಬರೀ ಮೂಲಂಗಿ ಕಳಿಸಿದ್ರೂ ಒಬ್ರೂ ಕೈ ಬಿಡ್ಲಿಲ್ಲ, ಎಂಥಾ ಜನ ಅಂತ. ಅವ್ರು ಕೈ ಬಿಡ್ದೇ ಇರ್ತಿದ್ರೋ ಏನೋ. ನೀವು ಅವ್ರನ್ನ ಕೇಳ್ಲೇ ಇಲ್ವಲ್ಲ. ಗಿಡ ಕೊಳೆತಿದ್ದೇ ಅವ್ರಿಗೆ ಗೊತ್ತಿಲ್ಲ. ಹಂಗಾದ್ರೆ ನಮಗೂ ಮಂಡಿಗೂ ಏನ್ ವ್ಯತ್ಯಾಸ?"

ಮಾತಿನ ಮಲ್ಲಿ ಎಂದು ನಮ್ಮಜ್ಜಿ ಕರೆಯುತ್ತಿದ್ದ ನಾನು ಮಜ್ಜಿಗೆ ಲೋಟ ನೋಡುತ್ತಾ ಕೂತೆ.

"ಶನಿವಾರ ಬತ್ತೀನಿ. ಎಲ್ರನ್ನೂ ಒಟ್ಗೆ ಕರೀರಿ. ನೀವೇ ಹೇಳಿ. ಹದಿನೈದು ಉಳಿದ್ರೆ ಸರಿ. ಇಲ್ದಿದ್ರೆ ಅದೇ ಕೊನೆ ಶನಿವಾರ."

ಅಷ್ಟರಲ್ಲಿ ಮಡಿಲ ತುಂಬ ಪುಂಡಿ ಕಿತ್ತುಕೊಂಡು ಅತ್ತೆ ಬಂದರು. "ಈ ಶನಿವಾರ ಇದೂ ಹಾಕವ್ವ. ಬೈಸ್ಕೊಳ್ಳೋರಿಗೆ ಹುಳಿ ಇರ್ಲಿ ಬಾಯಿಗೆ."

ಹೊಲದಾಕೆಯ ತುಟಿ ಒಂಚೂರು ಅಲುಗಿತು. ನನಗೆ ಅಷ್ಟೇ ಸಾಕಾಯಿತು.

ಆ ಶನಿವಾರ ಪೋರ್ಟಿಕೋ ತುಂಬಿತು. ಚೀಲಗಳಲ್ಲಿ ಮೂಲಂಗಿ, ಪುಂಡಿ, ಮತ್ತೇನೂ ಇಲ್ಲ. ನಾನು ಮಾರ್ಕೆಟ್ಟಿನಿಂದ ಹಿಡಿದು ಕುಂಡದ ಮಣ್ಣಿನವರೆಗೆ ಒಂದನ್ನೂ ಬಿಡದೆ ಹೇಳಿದೆ.

ಸಾಹೇಬರು ಕನ್ನಡಕ ತೆಗೆದು ಒರೆಸಿದರು. "ಅಂದ್ರೆ ಮೇಡಂ, ನಾನು ನಮ್ಮ ಬೀಗರ ಮುಂದೆ, ನೋಡಿ ನಮ್ಮ ಹೊಲದ ಟೊಮೇಟೊ, ಮಣ್ಣಿನ ವಾಸನೆ ನೋಡಿ ಅಂತ ಹೇಳಿದ್ದು..."

"ನಮ್ಮ ದಾಸವಾಳದ ಕುಂಡದ್ದು ಸಾರ್."

ಬ್ಯಾಂಕಿನವಳು ಮೊದಲು ನಕ್ಕಳು. ಆಮೇಲೆ ಯಾರು ಯಾರನ್ನು ಹಿಡಿಯುವುದು? ಹೊಲದಾಕೆ ಮಾತ್ರ ನಗದೆ ಕೋಲೂರಿ ಎದ್ದು ನಿಂತಳು.

"ಗಿಡ ಎಲ್ಲ ಕೊಳ್ತೋಗವೆ. ಇನ್ನೂ ಮೂರ್ನಾಲ್ಕು ವಾರ ಇಷ್ಟೇ. ಬಿಡೋರು ಬಿಡಿ, ನಾನೇನೂ ಅನ್ಕೊಳಲ್ಲ. ಆದ್ರೆ ಒಂದ್ ಹೇಳಿ. ಇಷ್ಟು ವಾರದ ಮೂಲಂಗಿ ಏನ್ ಮಾಡಿದ್ರಿ? ನಿಜ ಹೇಳ್ಬೇಕು."

"ಆಫೀಸಲ್ಲಿ ಹಂಚಿದೆ ಆಂಟಿ" ಎಂದಳು ಬ್ಯಾಂಕಿನವಳು. "ಈಗ ನನ್ ಚೀಲ ನೋಡಿದ್ರೆ ಲಿಫ್ಟ್ ಬಿಟ್ಟು ಮೆಟ್ಲಲ್ಲಿ ಇಳೀತಾರೆ."

"ಹಾಲಿನವನ ಹಸು" ಎಂದರು ಸಾಹೇಬರು. "ಅದೂ ಮೂರನೇ ವಾರದಿಂದ ಮುಖ ತಿರುಗಿಸ್ತು."

"ನಮ್ ಮನೇಲಿ ಫ್ರಿಡ್ಜಲ್ಲೇ ಇದೆ" ಎಂದೆ ನಾನು.

ಅಲ್ಲಿಗೆ ಹೊಲದಾಕೆಯ ಕಟ್ಟೆ ಒಡೆಯಿತು. ಕೋಲು ಬಿಟ್ಟು, ಮೆಟ್ಟಿಲ ಮೇಲೆ ಕುಸಿದು ಕೂತು, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ನಕ್ಕಳು. "ಅಯ್ಯೋ ನಿಮ್ ಮನೆ ಕಾಯ! ಸೊಪ್ಪು ಸಮೇತ ಹೆಚ್ಚಿ, ಕಡ್ಲೆಬೇಳೆ ಹಾಕಿ, ಕಾಯಿತುರಿ ಹಾಕಿ ಪಲ್ಯ ಮಾಡದು ಹೆಂಗೆ ಅಂತ ಒಬ್ರಾದ್ರೂ ನನ್ ಕೇಳಿದ್ರಾ?"

ಶ್ರೀಗಂಧದ ಕಾವಲಿನ ದಂಪತಿ, ಮನೆಯಲ್ಲಿ ಪುಟ್ಟ ಮಕ್ಕಳು ತಿನ್ನುವುದಿಲ್ಲವೆಂದು ಹೇಳಿ ಕೈಮುಗಿದು ಗುಂಪು ಬಿಟ್ಟರು. ಇನ್ನೊಂದು ಮನೆಯೂ ಹೋಯಿತು. ಹೊಲದಾಕೆ ಆ ಎರಡು ಚೀಲಗಳನ್ನೂ ಕೊಟ್ಟೇ ಕಳಿಸಿದಳು. ನಾನು ಸಾಹೇಬರ ಮುಖ ನೋಡಿದೆ. ಮೊದಲು ಗೊಣಗಿದವರೇ ಅವರು.

"ನೋಡ್ತೀರೇನು ಮೇಡಂ? ಪಾಲುದಾರ ಅಂದ್ಮೇಲೆ ಮಳೆಯಲ್ಲೂ ಪಾಲಿರ್ಬೇಕಲ್ಲ. ಕೊಡಮ್ಮ, ಎಲ್ಲಿ ಆ ಮೂಲಂಗಿ?" ಎಂದು ಚೀಲಕ್ಕೆ ಕೈ ಹಾಕಿದರು. ಬ್ಯಾಂಕಿನವಳು ಆಗಲೇ ಕಡಲೆಬೇಳೆ ಎಷ್ಟು ಹೊತ್ತು ನೆನೆಸಬೇಕೆಂದು ಕೇಳುತ್ತಿದ್ದಳು.

ಹದಿನಾರು ಮನೆ ಉಳಿದವು.

ಎಲ್ಲರೂ ಹೋದ ಮೇಲೆ ಹೊಲದಾಕೆ ಕಾಫಿ ಕೇಳಿ ಕುಡಿದಳು. ಲೋಟ ಕೆಳಗಿಟ್ಟು, ಅಡುಗೆಮನೆಯ ಕಡೆ ಕಣ್ಣು ಹಾಯಿಸಿ, "ಅಕ್ಕ, ಆ ಟೊಮೇಟೊ ಹೆಂಗಿತ್ತು?" ಎಂದಳು.

ಇನ್ನು ಸುಳ್ಳು ಹೇಳುವ ತಾಕತ್ತು ನನಗಿರಲಿಲ್ಲ. "ಚೆನ್ನಾಗೇ ಇತ್ತು ಕಣೇ. ನಿಂದಕ್ಕಿಂತ ಹುಳಿ ಸ್ವಲ್ಪ ಜಾಸ್ತಿ."

"ಉಳಿದದಾ?"

ಚಟ್ನಿಯಿಂದ ತಪ್ಪಿಸಿಕೊಂಡ ಎರಡು ಹಣ್ಣು ಮೂಲೆಯಲ್ಲಿ ಮೆತ್ತಗಾಗಿ ಬಿದ್ದಿದ್ದವು, ತಂದುಕೊಟ್ಟೆ. ಅವನ್ನು ಒತ್ತಿ ನೋಡಿ, ಮೂಸಿ, ಸೆರಗಿನ ತುದಿಗೆ ಕಟ್ಟಿಕೊಂಡಳು. "ಬೀಜ ತೆಗೀತೀನಿ. ಹೈಬ್ರಿಡ್ ಇರ್ಬೋದು, ಹೆಂಗ್ ಬತ್ತದೋ ಏನೋ. ನೋಡನ."

ಈ ಬೇಸಿಗೆಯ ಚೀಲಗಳಲ್ಲಿ ಆ ಬೀಜದ ಹಣ್ಣುಗಳು ಬಂದವು. ಒಂದು ಉದ್ದ, ಒಂದು ಚಪ್ಪಟೆ, ಒಂದಕ್ಕೊಂದು ಹೋಲಿಕೆಯಿಲ್ಲ. ಸಾಹೇಬರು ಅವಕ್ಕೆ ವಿಜಯನಗರ ತಳಿ ಎಂದು ಹೆಸರಿಟ್ಟಿದ್ದಾರೆ. ನಾನು ಗೊಜ್ಜು ಮಾಡಿದೆ. ಮಾರನೆಯ ಶನಿವಾರ ಹೊಲದಾಕೆ ಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದು ಕೇಳಿದಾಗ, ಉಪ್ಪು ಒಂಚೂರು ಮುಂದಾಗಿತ್ತು ಎಂಬುದನ್ನೂ ಸೇರಿಸಿ ಹೇಳಿದೆ.