ನಾನು ಮುಚ್ಚಿದ ಕಿಂಡಿ

ಹೊಟ್ಟೆಕಿಚ್ಚು ಅಂದರೇನು ಅಂತ ನನ್ನನ್ನು ಕೇಳಿ, ಹೇಳುತ್ತೇನೆ. ಮಹಾರಾಜರ ಕಾಲದಲ್ಲಿ, ಶಿರಾದ ನಮ್ಮ ಬೀದಿಯಲ್ಲಿ, ಪಕ್ಕದ ಮನೆ ಅಕ್ಕ ಮಹಡಿ ಮನೆ ಕಟ್ಟಿಸಿದ ವರ್ಷ ನನಗೆ ಆ ಕಾಯಿಲೆ ಅಂಟಿತು. ಇವತ್ತಿಗೂ ಪೂರ್ತಿ ಬಿಟ್ಟಿಲ್ಲ.

ಅದಕ್ಕೆ ಮುಂಚೆ ಬೀದಿಯ ಮನೆಗಳೆಲ್ಲ ಒಂದೇ ಥರ ಇದ್ದವು. ತೊಲೆ, ಜಂತೆ, ಅದರ ಮೇಲೆ ಸೊಪ್ಪು, ಸೊಪ್ಪಿನ ಮೇಲೆ ಮಣ್ಣು ಬಡಿದ ಚಪ್ಪಟೆ ಮಾಳಿಗೆ. ಎರಡು ಮನೆಗೆ ಒಂದೇ ಗೋಡೆ. ಮೆಣಸಿನಕಾಯಿ ಒಣಹಾಕಲು ಮೇಲೆ ಹತ್ತಿದರೆ ಕೆಳಗಿಳಿಯದೆ ಬೀದಿಯ ಆ ತುದಿಯವರೆಗೂ ಮಾತಾಡಿಕೊಂಡು ಹೋಗಿಬರಬಹುದಿತ್ತು. ಮಳೆಗಾಲ ಹತ್ತಿರ ಬಂದಾಗ ಒಂದು ದಿನ ಗೊತ್ತುಮಾಡಿ ಎಲ್ಲರೂ ಕೆರೆಯಂಚಿನ, ನೀರು ಇಳಿಯಬಿಡದ ಕರಲು ಮಣ್ಣು ತಂದು ಮಾಳಿಗೆಗೆಲ್ಲ ಹರಡುತ್ತಿದ್ದೆವು. ನೀರು ಹರಿಯುವ ಇಳಿಜಾರು, ಅಂದರೆ ವಾಟ, ಯಾವ ಕಡೆಗೆ ಕೊಡಬೇಕು ಅನ್ನುವುದು ಗಂಡಸರಿಗೆ ಬಿಟ್ಟ ವಿಷಯ. ನಾವು ಹೆಂಗಸರು ಮಂಕರಿ ಹೊರುವವರು, ಅಷ್ಟೆ.

ಅಕ್ಕನ ಗಂಡನದು ಕಡಲೆಕಾಯಿ ಮಂಡಿ. ವ್ಯಾಪಾರ ಕೈಹಿಡಿಯಿತು. ಬೆಂಗಳೂರಿಗೆ ಹೋಗಿ ಅಲ್ಲಿನ ಸಾಹುಕಾರರ ಬಂಗಲೆಗಳನ್ನು ನೋಡಿಕೊಂಡು ಬಂದವನೇ ಹಳೇ ಮನೆ ಕೆಡವಿಸಿದ. ನೋಡನೋಡುತ್ತ ನಮ್ಮ ಮಾಳಿಗೆಯ ಪಕ್ಕದಲ್ಲೇ ಎರಡಾಳೆತ್ತರದ ಗೋಡೆ ಎದ್ದಿತು. ಮಂಗಳೂರು ಹೆಂಚು, ಬಣ್ಣದ ಗಾಜಿನ ಕಿಟಕಿ, ತೇಗದ ಬಾಗಿಲು. ಅಂಗಳಕ್ಕೆ ಹಾಕಿಸಿದ ಕಲ್ಲು ಎಷ್ಟು ನಯವೆಂದರೆ ಅದರಲ್ಲಿ ಮುಖ ನೋಡಿಕೊಂಡು ವಿಭೂತಿ ಹಚ್ಚಿಕೊಳ್ಳಬಹುದಿತ್ತು. ಗೃಹಪ್ರವೇಶದ ದಿನ ನಾನು ಹೋಳಿಗೆ ತಿಂದು, "ಚೆನ್ನಾಗೈತೆ ಕಣಕ್ಕ" ಎಂದು ಹಲ್ಲು ಕಿರಿದು, ಮನೆಗೆ ಬಂದು ನಮ್ಮ ಮಣ್ಣಿನ ನೆಲದ ಮೇಲೆ ಪಾತ್ರೆಗಳನ್ನು ಕುಕ್ಕಿದೆ.

ಅತ್ತೆ ಕೇಳಿದರು, "ಯಾಕಮ್ಮಿ, ಪಾತ್ರೆ ಏನ್ ಮಾಡ್ದೊ ನಿಂಗೆ?"

ಯಜಮಾನರು ಗೌಡಗೆರೆಯಲ್ಲಿ ಶಾಲೆ ಮೇಷ್ಟ್ರು, ಭಾನುವಾರಕ್ಕೊಮ್ಮೆ ಬರುತ್ತಿದ್ದರು. ಅವರ ಹತ್ತಿರ ಗೊಣಗಿದರೆ, "ನಮಗೆ ಇರೋದು ಸಾಲದಾ?" ಅನ್ನುವರು. ಸಾಲದು! ನನಗೆ ಸಾಲದಾಗಿತ್ತು. ಬಾಯಿಬಿಟ್ಟು ಹೇಳಲು ಆಗುತ್ತಿರಲಿಲ್ಲ.

ಆ ಹೊಸ ಗೋಡೆಯಲ್ಲಿ ನಮ್ಮ ಮಾಳಿಗೆಯ ಮಟ್ಟಕ್ಕೆ ಸರಿಯಾಗಿ ಗೇಣಗಲದ ಒಂದು ಕಿಂಡಿ ಬಿಟ್ಟಿದ್ದರು. ಯಾಕೆ ಬಿಟ್ಟಿದ್ದಾರೆ ಅಂತ ನಾನು ಯೋಚಿಸಲೇ ಇಲ್ಲ. ಮನೆ ಎದ್ದ ಮೇಲೆ ಇನ್ನೂ ಮಳೆ ಬಿದ್ದಿರಲಿಲ್ಲ. ಆ ಕಿಂಡಿಯಿಂದ ಹುರಿದ ಕಾಫಿ ಬೀಜದ ವಾಸನೆ ಬರುತ್ತಿತ್ತು, ಗ್ರಾಮಫೋನಿನ ಹಾಡು ಬರುತ್ತಿತ್ತು. ಮೈಯೆಲ್ಲ ಉರಿಯುತ್ತಿತ್ತು. ಆದರೂ ಸಂಡಿಗೆ ಒಣಹಾಕುವ ನೆಪದಲ್ಲಿ ದಿನವೂ ಮೇಲೆ ಹತ್ತಿ, ಹೊಟ್ಟೆಯ ಮೇಲೆ ಮಲಗಿ, ಆ ಕಿಂಡಿಗೆ ಕಣ್ಣಿಟ್ಟು ಅಕ್ಕನ ಅಂಗಳ ನೋಡುತ್ತಿದ್ದೆ. ಇವತ್ತು ಯಾವ ಸೀರೆ ಉಟ್ಟಿದ್ದಾಳೆ? ಉಯ್ಯಾಲೆ ಎಷ್ಟು ಹೊತ್ತು ತೂಗಿದಳು? ಮೂರು ಹೊತ್ತೂ ಅದೇ ಧ್ಯಾನ.

ಒಂದು ದಿನ ಅವಳು ಉಯ್ಯಾಲೆಯಿಂದ ತಲೆಯೆತ್ತಿ ನೇರವಾಗಿ ಕಿಂಡಿಯ ಕಡೆಗೇ ನೋಡಿದಳು. ನಗುತ್ತಾ ಕೈ ಬೀಸಿದಳು.

"ಅಲ್ಲಿಂದ್ಯಾಕೆ ಇಣುಕ್ತೀಯಾ ತಂಗಿ? ಬಾ, ಕಾಫಿ ಕುಡಿ!"

ಥೂ ನನ್ನ ಜನ್ಮವೇ! ಮಾನ ಹೋಯಿತು. ಸಂಡಿಗೆಯನ್ನು ತುಳಿದುಕೊಂಡೇ ಕೆಳಗೆ ಓಡಿದೆ. ಮಾರನೆಯ ದಿನ ಅತ್ತೆ ಮಲಗಿದ್ದಾಗ ಗೋಡೆಗೆ ಬಳಿದು ಮಿಕ್ಕಿದ್ದ ಸುಣ್ಣಕ್ಕೆ ಜೇಡಿಮಣ್ಣು ಕಲಸಿ, ಮರದ ಸೌಟಿನಲ್ಲಿ ಬಾಚಿ ಬಾಚಿ, ಕಲ್ಲುಚೂರು ತುರುಕಿ ಆ ಕಿಂಡಿಯನ್ನು ಮುಚ್ಚಿಬಿಟ್ಟೆ. ಯಾರೋ ಮೆಟ್ಟಿಲು ಹತ್ತಿದ ಸದ್ದಾದಂತಾಯಿತು. ಗಾಬರಿಯಲ್ಲಿ ಸೌಟನ್ನು ಅಲ್ಲೇ ಬಿಟ್ಟು ಬಂದೆ. ಆಮೇಲೆ ನಾಚಿಕೆಗೆ ಆ ಮೂಲೆಯ ಕಡೆ ಹೋಗಲೇ ಇಲ್ಲ.

ಅದೇ ತಿಂಗಳು ನಾದಿನಿಯನ್ನು ನೋಡಲು ಮಧುಗಿರಿಯಿಂದ ಗಂಡಿನ ಕಡೆಯವರು ಬರುತ್ತೇವೆಂದು ಹೇಳಿ ಕಳಿಸಿದರು. ಅವಳನ್ನು ಅದಾಗಲೇ ಎರಡು ಕಡೆಯವರು ನೋಡಿ, ಉಪ್ಪಿಟ್ಟು ತಿಂದು, ಸುದ್ದಿಯಿಲ್ಲದೆ ಹೋಗಿದ್ದರು. ಹುಡುಗಿ ಊಟ ಬಿಟ್ಟಿದ್ದಳು. ಇದೂ ತಪ್ಪಿದರೆ ಅಣ್ಣನಿಗೆ ಇನ್ನು ಮುಖ ತೋರಿಸುವುದಿಲ್ಲ ಅಂತ ನನ್ನ ಹತ್ತಿರ ಅತ್ತಿದ್ದಳು. ಅಕ್ಕ ತಾನಾಗಿಯೇ ಬಂದು ಹೇಳಿದಳು, "ನಮ್ ಮನೆ ಹಾಲ್‌ನಲ್ಲೇ ಕೂರ್ಸಿ ಬುಡಮ್ಮಿ. ಜಾಗ ಐತೆ, ಕುರ್ಚಿ ಐತೆ."

"ನಮ್ಮನೇಲೂ ಜಾಗ ಐತೆ ಬುಡಕ್ಕ" ಎಂದು ಕಡ್ಡಿ ಮುರಿದಂತೆ ಹೇಳಿದೆ. ಅವಳ ಮುಖ ಸಣ್ಣದಾಯಿತು. ನನಗೆ ಖುಷಿಯಾಯಿತು.

ಅವರು ಬಂದು ಕೂತ ಮಧ್ಯಾಹ್ನವೇ ಕೃತ್ತಿಕೆ ಮಳೆ ಹುಯ್ಯಬೇಕೇ! ಅಂಥಿಂಥ ಮಳೆಯಲ್ಲ. ನಾದಿನಿ ತಲೆ ಬಗ್ಗಿಸಿ ತಟ್ಟೆ ಹಿಡಿದು ಬರುವ ಹೊತ್ತಿಗೆ ಗಂಡಿನ ತಾಯಿಯ ಹೆಗಲ ಮೇಲೆ ಒಂದು ಹನಿ ಬಿತ್ತು. ಆಮೇಲೆ ಇನ್ನೊಂದು. ರೇಷ್ಮೆ ಸೀರೆಯ ಮೇಲೆ ಕೆಂಪು ಕಲೆ. ಆಯಮ್ಮ ಸರಿದು ಕೂತಲ್ಲೂ ಸೋರಿತು. ಮೇಲೆ ಜಂತೆಯೊಂದು ಲಟ್ ಎಂದಿತು.

ಅತ್ತೆ ಒಳಗಿನಿಂದ ಮಗನಿಗೆ ಕೂಗಿದರು, "ಮಾಳ್ಗೆ ಮ್ಯಾಲೆ ನೀರ್ ನಿಂತದೆ ಕಣ್ಲಾ! ನಮ್ ನೀರು ಹೋಗ್ಲಿ ಅಂತ್ಲೇ ಅವ್ರು ಗೋಡೇಲಿ ಕಿಂಡಿ ಬುಟ್ಟವ್ರೆ. ಅದೇನ್ ಕಟ್ಕೊಂಡದಾ ನೋಡು!"

ನಮ್ಮ ಮಾಳಿಗೆಯ ವಾಟ ಹಿಂದಿನಿಂದಲೂ ಅವರ ಕಡೆಗೆ. ಬೀದಿಯ ಪದ್ಧತಿ ಕೆಡಬಾರದೆಂದು, ನಮ್ಮ ಕೆಸರು ನೀರು ತನ್ನ ಹೊಸ ಅಂಗಳದ ಕಲ್ಲಿನ ಮೇಲೆ ಬಿದ್ದರೂ ಬೀಳಲೆಂದು ಅಕ್ಕ ಒಪ್ಪಿ ಬಿಡಿಸಿದ ಕಿಂಡಿ ಅದು. ಅತ್ತೆಗೆ ಹೇಳಿಯೂ ಹೋಗಿದ್ದಳಂತೆ. ನನಗೊಬ್ಬಳಿಗೇ ಗೊತ್ತಿರಲಿಲ್ಲ.

ಯಜಮಾನರು ನೆಂಟರನ್ನು ಎಬ್ಬಿಸಿ ಪಡಸಾಲೆಗೆ ಕರೆದೊಯ್ಯುತ್ತಿದ್ದರು. ನಾನು ಮಳೆಯಲ್ಲೇ ಮೆಟ್ಟಿಲು ಹತ್ತಿದೆ. ನನಗಿಂತ ಮೊದಲೇ ಅಕ್ಕ ಅಲ್ಲಿದ್ದಳು, ಕೈಯಲ್ಲಿ ಹಾರೆ. ಅಂಗಳಕ್ಕೆ ನೀರು ಬೀಳದಿದ್ದದ್ದು ನೋಡಿ ನಮ್ಮ ಹಿತ್ತಲಿನಿಂದ ಹತ್ತಿ ಬಂದಿದ್ದಳು. ಮೀನಖಂಡದವರೆಗೆ ನಿಂತ ನೀರಿನಲ್ಲಿ ಬಗ್ಗಿ ಕಿಂಡಿಯನ್ನು ತಡವಿದಳು. ಕೈಗೆ ಸುಣ್ಣ ಅಂಟಿತು, ಸೌಟು ಸಿಕ್ಕಿತು. ನನ್ನ ಮುಖ ನೋಡಿದಳು.

ಸೌಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹಾರೆಯಿಂದ ನಾಲ್ಕೇಟು ಹಾಕಿದಳು. ನೀರು ಭೋರೆಂದು ಅವಳ ಅಂಗಳಕ್ಕೆ ಧುಮುಕಿತು. ಅಷ್ಟರಲ್ಲಿ ಯಜಮಾನರು ಮೇಲೆ ಬಂದರು.

"ಏನಾಗಿತ್ತಕ್ಕ?"

"ಅಳಿಲು ಗೂಡು ಕಟ್ಟಿತ್ತು ಕಣಪ್ಪ. ಕಸಕಡ್ಡಿ ತುಂಬ್ಕೊಂಡಿತ್ತು. ಕಿಂಡಿ ಬಾಯಿಗೆ ಬಲೆ ಹಾಕಿಸ್ಬೇಕಿತ್ತು, ನಮ್ದೇ ತಪ್ಪು. ಪಾಪ, ನೆಂಟ್ರು ನೆಂದೋದ್ರು. ನಮ್ಮನೆಗೆ ಕರ್ಕೊಂಡ್ ಬನ್ನಿ."

ಆ ಅಳಿಲಿನ ಕಥೆ ಅವಳ ಮನೆಯ ಹಾಲ್‌ನಲ್ಲೂ ಮುಂದುವರಿಯಿತು. ಗಂಡಿನ ತಾಯಿಗೆ ತನ್ನದೇ ಸೀರೆ ಉಡಿಸಿ, ಎಲ್ಲರ ಮುಂದೆ ತಪ್ಪು ತನ್ನದೇ ಎಂದು ಇನ್ನೊಮ್ಮೆ ಹೇಳಿದಳು. ನಾದಿನಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, "ನಮ್ ಬೀದಿಗೇ ಒಳ್ಳೆ ಹುಡ್ಗಿ" ಅಂದಳು. ಸಂಜೆಯೊಳಗೆ ಸಂಬಂಧ ಒಪ್ಪಿಗೆಯಾಯಿತು. ನಾನು ಕಂಬಕ್ಕೊರಗಿ ನಿಂತು ಅಂಗಳದ ಕಲ್ಲಿನ ಮೇಲೆ ಹರಡಿದ್ದ ನಮ್ಮ ಮನೆಯ ಕೆಸರನ್ನು ನೋಡುತ್ತಿದ್ದೆ.

ಮಾರನೆಯ ಬೆಳಿಗ್ಗೆ ಅಕ್ಕ ನಮ್ಮ ಹಿತ್ತಲ ಬಾಗಿಲು ತಟ್ಟಿದಳು. ಒಂದು ಕೈಯಲ್ಲಿ ಸೌಟು, ಸುಣ್ಣದ ಗುರುತಿಲ್ಲದಂತೆ ಉಜ್ಜಿ ತೊಳೆದದ್ದು. ಇನ್ನೊಂದರಲ್ಲಿ ಹೊಗೆಯಾಡುವ ಕಾಫಿ ಲೋಟ.

"ನಿಮ್ಮನೇದು ಸೌಟು, ಇಟ್ಕೊ. ಇದನ್ನ ಕುಡಿ, ಆರೋಗ್ತದೆ."

ಅಷ್ಟೇ ಹೇಳಿದಳು. ಬೈದುಬಿಟ್ಟಿದ್ದರೆ ನಾನೂ ನಾಲ್ಕು ಮಾತು ಬೈದು ಹಗುರಾಗುತ್ತಿದ್ದೆ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಆ ಸೌಟು ಹಿಡಿದು ಬೀದಿಯ ಮನೆಮನೆಗೂ ಹೋಗಿ ತೋರಿಸಿಬರುತ್ತಿದ್ದೆ. ಅದು ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು, ಆದರೂ ಲೋಟ ಖಾಲಿಯಾಗಲೆಂದು ಬಾಗಿಲಲ್ಲೇ ಕಾದು ನಿಂತಿದ್ದಳು.