ಬುಡದಿಂದ ನೆತ್ತಿಗೆ ಒಂಬತ್ತು ಚಿತ್ರ

ಬೆಳಗಿನ ಆರಕ್ಕೆ ಹತ್ತು ನಿಮಿಷವಿದೆ. ಜಲಪಾತದ ಎದುರಿನ ಸಿಮೆಂಟು ಕಟ್ಟೆಗೆ ಬೋಲ್ಟು ಹಾಕಿ ಬಿಗಿದ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಕೂರಿಸಿ, ಅವರು ಲೆನ್ಸಿಗೆ ಹತ್ತಿದ ತುಂತುರನ್ನು ಹಳೆಯ ಬನಿಯನ್ನಿನ ತುಂಡಿನಿಂದ ಒರೆಸುತ್ತಿದ್ದಾರೆ. ಒರೆಸಿದಷ್ಟೂ ಹನಿ ಕೂರುತ್ತದೆ. ಗಾಳಿ ಆಚೆ ತಿರುಗಿದ್ದೇ ತಡ, ಕ್ಲಿಕ್. ಕ್ಯಾಮೆರಾದ ಮೂತಿಯನ್ನು ಆರು ಡಿಗ್ರಿ ಮೇಲೆತ್ತಿ ಮತ್ತೊಂದು ಕ್ಲಿಕ್. ಹೀಗೆ ಬುಡದ ಮಡುವಿನಿಂದ ನೆತ್ತಿಯವರೆಗೆ ಒಂಬತ್ತು ಚಿತ್ರ. ಒಂದರ ಮೇಲೊಂದು ಜೋಡಿಸಿದರೆ ತೊಂಬತ್ತೆರಡು ಮೀಟರಿನ ಜಲಪಾತ ಒಂದೇ ಉದ್ದನೆಯ ಪಟ್ಟಿಯಾಗುತ್ತದೆ.

ಬಂಡೆಯ ಮೇಲೆ ಕಣ್ಣಿಡುವ ಕಚೇರಿಗೆ ಇಪ್ಪತ್ತೊಂದು ವರ್ಷಗಳಿಂದ ಇವರೇ ಛಾಯಾಗ್ರಾಹಕ. ಆಳು ಐದಡಿ ಎರಡಿಂಚು, ಆದರೆ ಎಲ್ಲರ ಬಾಯಲ್ಲೂ 'ಉದ್ದಣ್ಣ'. "ಉದ್ದ ಇರೋದು ನನ್ನ ಫೋಟೋ. ಹೆಸರಿಡೋಕೆ ಜನಕ್ಕೆ ಏನು ಖರ್ಚು?" ಎನ್ನುತ್ತಾರೆ.

ಮೇಲಿನಿಂದ ಯಾಕೆ ಶುರು ಮಾಡುವುದಿಲ್ಲ? "ನೀರು ಇಳಿಯೋ ಕಡೆಗೇ ನಾವೂ ಇಳಿದ್ರೆ, ಅದೇ ನೊರೆ ಎರಡೆರಡು ಚಿತ್ರಕ್ಕೆ ನುಗ್ಗುತ್ತೆ. ಎದುರಿಗೆ ಹೋದ್ರೆ ಮೋಸ ಕಮ್ಮಿ."

ಒಂದು ಚಿತ್ರದ ಮೂರನೇ ಒಂದು ಪಾಲು ಮುಂದಿನದರಲ್ಲೂ ಬರುವಂತೆ ತೆಗೆಯುತ್ತಾರೆ. ಜೋಡಿಸುವಾಗ ಬಂಡೆಗೆ ಬಂಡೆ ಹೊಂದಿಸಬೇಕು. ನೀರಿಗೆ ನೀರು ಹೊಂದಿಸಬಾರದು. ನಾಲ್ಕು ವರ್ಷದ ಹಿಂದೆ, ಮಂಜು ಬಂಡೆಯನ್ನು ಅರೆಬರೆ ಮುಚ್ಚಿದ್ದ ಒಂದು ದಿನ, ಅವರು ನೀರಿಗೆ ನೀರನ್ನೇ ಹೊಂದಿಸಿದರು. ಐದನೆಯ, ಆರನೆಯ ಚಿತ್ರಗಳ ನೊರೆ ಅವಳಿಗಳಂತೆ ಕಂಡಿತು. ಪಟ್ಟಿ ಎಷ್ಟು ಚೆನ್ನಾಗಿ ಬಂತೆಂದರೆ ಕಚೇರಿಯವರು ಗೋಡೆಗೆ ತೂಗುಹಾಕಿದರು. ಆದರೆ ಆ ಬೆಸುಗೆಯೊಳಗೆ ಆಳೆತ್ತರದ ಬಂಡೆಯೇ ಮಾಯವಾಗಿತ್ತು. ಹನ್ನೆರಡನೆಯ ದಿನ ಅಲ್ಲಿಂದಲೇ ಚಪ್ಪಡಿಯೊಂದು ಕಳಚಿ, ಪ್ರವಾಸಿಗರು ಓಡಾಡುವ ಕೆಳದಾರಿಗೆ ಬಿತ್ತು. ದಾರಿ ಗುಡಿಸುತ್ತಿದ್ದವರ ಬಲಗಾಲು ಹೋಯಿತು.

"ನನ್ನನ್ನ ಯಾರೂ ಕೇಳಲಿಲ್ಲ. ನಾನೇ ಬಿಡಿ ಚಿತ್ರ ತೆಗೆದು ನೋಡ್ದೆ. ಅದರಲ್ಲಿ ಬಿರುಕಿತ್ತು, ಕೂದಲೆಳೆ ಹಾಗೆ. ಪಟ್ಟಿಯಲ್ಲಿ ಇರಲಿಲ್ಲ. ಹೋಗಿ ಹೇಳ್ದೆ. ಸಾಹೇಬ್ರು ತಲೆ ಆಡಿಸಿ ಫೈಲು ಮುಚ್ಚಿದ್ರು."

ಗುಡಿಸುತ್ತಿದ್ದವರು ಈಗ ಟಿಕೆಟ್ ಕಿಟಕಿಯಲ್ಲಿ ಕೂರುತ್ತಾರೆ. "ಎಲ್ಲಾ ಸರಿ ಇದೆಯಾ ಉದ್ದಣ್ಣ?" ಎಂದು ದಿನವೂ ಕೇಳುತ್ತಾರೆ. "ಜೋಡಿಸಿ ಹೇಳ್ತೀನಿ" ಎನ್ನುವುದು ಇವರ ಉತ್ತರ. ಅದಕ್ಕೆ ಮುಂಚೆ ಒಂದಕ್ಷರವಿಲ್ಲ.

ಅಂದು ಮುಚ್ಚಿದ ಕೆಳದಾರಿಯಲ್ಲೇ ಇವರ ಹೆಂಡತಿಯ ರೇನ್‌ಕೋಟಿನ ಅಂಗಡಿ ಇತ್ತು. ಈಗ ಹೊಸ ಕಂಬಿ ಹಾಕಿದ್ದಾರೆ. ಬಂಡೆ ಗಟ್ಟಿಯಿದೆ ಎಂದು ಇಂದಿನ ಪಟ್ಟಿ ತೋರಿಸಿದರೆ ಸೋಮವಾರ ದಾರಿ ತೆರೆಯುತ್ತದೆ.

ತಗಡಿನ ಮಾಡಿನ ಕೋಣೆಯಲ್ಲಿ ಅವರು ನಲವತ್ತು ನಿಮಿಷ ಪರದೆಯ ಮುಂದೆ ಕೂರುತ್ತಾರೆ. ಏಳನೆಯ ಚಿತ್ರದಲ್ಲಿ, ಅಳತೆಗೆಂದು ಬಂಡೆಗೆ ಬಳಿದ ಬಿಳಿ ಗೆರೆಯ ಪಕ್ಕ, ಕಳೆದ ತಿಂಗಳು ಒಂದು ಮೀಟರ್ ಹತ್ತು ಸೆಂಟಿಮೀಟರ್ ಇದ್ದ ಬಿರುಕು ಇಂದು ಒಂದು ಮೀಟರ್ ಮೂವತ್ತನಾಲ್ಕು. ಮೂರು ಸಲ ಅಳೆಯುತ್ತಾರೆ. ಅಷ್ಟರಲ್ಲಿ ಹೆಂಡತಿ ಚಹಾದ ಫ್ಲಾಸ್ಕು ಹಿಡಿದು ಬರುತ್ತಾರೆ.

"ಏನಂತೆ ನಿಮ್ಮ ಬಂಡೆ?"

"ಒಂದು ಗೇಣು ಬೆಳೆದಿದೆ."

"ಸರಿಯಾಗಿ ನೋಡಿದ್ರಾ? ಕನ್ನಡಕ ಹಾಕ್ಕೊಂಡು?"

"ಹಾಕ್ಕೊಂಡೇ ಕೂತಿದ್ದೀನಲ್ಲೇ."

ಹೆಂಡತಿ ಕುರ್ಚಿ ಎಳೆದುಕೊಂಡು ಪರದೆಗೆ ಬಾಗುತ್ತಾರೆ. ಬಿರುಕಿನ ಉದ್ದಕ್ಕೂ ಬೆರಳು ಸರಿಯುತ್ತದೆ. "ಇನ್ನೂರ ಹತ್ತು ಕೋಟು ಮಡಚಿಟ್ಟಿದ್ದೀನಿ. ನಿಮ್ಮ ಫೋಟೋ ನನ್ನ ಅಂಗಡಿ ಮುಚ್ಚಿಸೋದು ಇದು ಎರಡನೇ ಸಲ."

"ಮೊದಲನೇ ಸಲ ಮುಚ್ಚಿಸಿದ್ದು ಫೋಟೋ ಅಲ್ಲ ಕಣೇ. ಕಲ್ಲು."

ಹೆಂಡತಿ ಲೋಟಕ್ಕೆ ಚಹಾ ಬಗ್ಗಿಸಿ, ವರದಿಯ ಹಾಳೆ ನೆನೆಯದಂತೆ ದೂರ ಇಡುತ್ತಾರೆ. ಉದ್ದಣ್ಣ ಅಳತೆ ಬರೆದು, ಅದರ ಕೆಳಗೆ 'ದಾರಿ ತೆರೆಯಬಾರದು' ಎಂದು ಸೇರಿಸಿ ಸಹಿ ಹಾಕುತ್ತಾರೆ.

ಇಷ್ಟು ವರ್ಷದ ದುಡಿಮೆಯಲ್ಲಿ ಏನು ಬಯಸುತ್ತೀರಿ ಎಂದು ಕೇಳಿದರೆ ಅವರು ಕನ್ನಡಕ ತೆಗೆದು ಒರೆಸುತ್ತಾರೆ.

"ಈ ಸಲ ಕಲ್ಲಿಗಿಂತ ಮೊದಲು ಫೋಟೋ ಬಂತು. ಹೀಗೇ ಬರ್ತಿರಲಿ, ಸಾಕು."