ಹಾಸಿನ ಆಚೆ ತುದಿ

ಶ್ರೀಲಂಕಾದ ಕ್ಯಾಂಡಿ ಊರಿನಿಂದ ಬೆಳಿಗ್ಗೆ ಹೊರಟ ವ್ಯಾನಿನಲ್ಲಿ ಭೀಮಕ್ಕನಿಗೆ ಹಿಂದಿನ ಸೀಟು ಸಿಕ್ಕಿತ್ತು. ಸಿಕ್ಕಿತ್ತು ಅನ್ನುವುದಕ್ಕಿಂತ ಅದೊಂದೇ ಉಳಿದಿತ್ತು. ಮುಂದಿನ ಜೋಡಿ ಸೀಟಿನಲ್ಲಿ ಲಾವಣ್ಯ, ಅವಳ ಪಕ್ಕದಲ್ಲಿ ಶಿರಾದ ಯಶಸ್ವಿನಿ. ಭೀಮಕ್ಕನ ಪಕ್ಕದಲ್ಲಿ ಕೈಕೆಲಸದ ಮೇಳದಲ್ಲಿ ಮಾರಿ ಉಳಿದ ಕಂಬಳಿಗಳ ಗಂಟು. ತಿರುವು ಬಂದಾಗಲೆಲ್ಲ ಗಂಟು ಅವಳ ಮೇಲೆ ಒರಗುತ್ತಿತ್ತು. ಅವಳು ಮೊಣಕೈಯಿಂದ ತಿವಿದು ಅದನ್ನು ಆಚೆ ತಳ್ಳುತ್ತಿದ್ದಳು.

ಮುಂದಿನಿಂದ ನಗು ಕೇಳಿಸಿತು. ಯಶಸ್ವಿನಿ ಏನೋ ಹೇಳಿದ್ದಳು. ಲಾವಣ್ಯ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ಆ ನಗು ಭೀಮಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ತನ್ನ ಮಾತಿಗೆ ಮಾತ್ರ ಅವಳು ಹಾಗೆ ನಗುವುದು ಎಂದು ಇಷ್ಟು ವರ್ಷ ಅಂದುಕೊಂಡಿದ್ದಳು.

ಮಧುಗಿರಿ ತಾಲ್ಲೂಕಿನ ಐ.ಡಿ.ಹಳ್ಳಿಯಲ್ಲಿ ಇಬ್ಬರ ಮನೆಗಳೂ ಎದುರುಬದುರು. ಭೀಮಕ್ಕ ಆ ಬೀದಿಗೆ ಸೊಸೆಯಾಗಿ ಬಂದು ಎಷ್ಟೋ ಕಾಲವಾದ ಮೇಲೆ ಲಾವಣ್ಯ ಪಾವಗಡದ ಕಡೆಯ ವಳ್ಳೂರಿನಿಂದ ಮದುವೆಯಾಗಿ ಬಂದಳು. ಅವಳ ತವರಿನವರು ಕುರಿ ಮೇಯಿಸುತ್ತಿದ್ದ ಬಯಲಲ್ಲಿ ಈಗ ಕಣ್ಣು ಹಾಯುವಷ್ಟು ದೂರ ಸೋಲಾರ್ ಪ್ಲೇಟುಗಳು. ಬಂದ ಹೊಸದರಲ್ಲಿ ಅವಳ ಬಾಯಲ್ಲಿ ಕನ್ನಡಕ್ಕಿಂತ ತೆಲುಗೇ ಹೆಚ್ಚು. ಬೀದಿಯ ಹೆಂಗಸರು ಅಣಕಿಸುತ್ತಿದ್ದರು. ಭೀಮಕ್ಕ ಮಾತ್ರ ಒಂದು ದಿನ ಅವಳ ಕೈಗೆ ನೂಲಿನ ಉಂಡೆ ಕೊಟ್ಟು, "ಬಾರೇ ಇತ್ತ, ಆಚೆ ತುದಿ ಇಡ್ಕ" ಅಂದಳು.

ಕಂಬಳಿಗೆ ಹಾಸು ಹಾಕುವುದು, ಅಂದರೆ ನೇಯುವ ಮೊದಲು ಉದ್ದದ ಎಳೆಗಳನ್ನು ಎಳೆದು ಕಟ್ಟುವುದು, ಇಬ್ಬರ ಕೆಲಸ. ಬೀದಿಯುದ್ದಕ್ಕೂ ಗೂಟ ನೆಟ್ಟು, ಒಬ್ಬಳು ಈ ತುದಿಯಿಂದ, ಇನ್ನೊಬ್ಬಳು ಆ ತುದಿಯಿಂದ ನಡೆದು ಬಂದು, ನಡುವೆ ಉಂಡೆ ಕೈ ಬದಲಾಯಿಸಿ ಮತ್ತೆ ತಿರುಗಬೇಕು. ಒಬ್ಬೊಬ್ಬರ ಕೈಯ ಬಿಗಿ ಒಂದೊಂದು ಥರ. ಅರ್ಧದಲ್ಲಿ ಆಳು ಬದಲಾದರೆ ಕಂಬಳಿಯ ಒಂದು ಅಂಚು ಜೋಲುತ್ತದೆ, ಇನ್ನೊಂದು ಸೆಟೆಯುತ್ತದೆ. ಹಾಗಾಗಿ ಒಮ್ಮೆ ತುದಿ ಹಿಡಿದವಳು ಮುಗಿಯುವ ತನಕ ಬಿಡುವಂತಿಲ್ಲ. ಮಗು ಅತ್ತರೆ ಬೇರೆಯವರು ಎತ್ತಿಕೊಳ್ಳುತ್ತಾರೆ, ಮನೆಗೆ ನೆಂಟರು ಬಂದರೆ ಅವರೇ ನೀರು ತೆಗೆದುಕೊಂಡು ಕುಡಿಯುತ್ತಾರೆ. ಐ.ಡಿ.ಹಳ್ಳಿಯಲ್ಲಿ ಆ ಬೀದಿಯ ಮಕ್ಕಳಿಗೂ ಗೊತ್ತಿರುವ ಸಂಗತಿ ಇದು. ಅಂದು ಹಿಡಿದ ತುದಿಯನ್ನು ಲಾವಣ್ಯ ಇಂದಿನವರೆಗೆ ಬಿಟ್ಟಿರಲಿಲ್ಲ. ನಡೆದು ನಡೆದು ಇಬ್ಬರ ಹೆಜ್ಜೆಗೂ ಒಂದೇ ಅಳತೆ ಬಂದಿತ್ತು.

ಯಶಸ್ವಿನಿ ಬಂದದ್ದು ಆಮೇಲೆ. ಶಿರಾದಲ್ಲಿ ಅವಳ ತಂದೆ ನಂದೀಶ್ವರಯ್ಯನವರದು ಹಳೆಯ ಬಟ್ಟೆ ಅಂಗಡಿ. ಅದರ ಹಿಂದೆ ಶೆಡ್ ಹಾಕಿ, ಕಂಬಳಿಯಿಂದ ಬ್ಯಾಗು, ಟೋಪಿ, ಕೂರುವ ಮಣೆಯ ಹೊದಿಕೆ ಹೊಲಿಸಿ ಮಾರಬೇಕೆಂದು ಅವಳ ಆಸೆ. ಕಂಬಳಿ ಕೊಳ್ಳಲು ಐ.ಡಿ.ಹಳ್ಳಿಗೆ ಬಂದವಳು ಲಾವಣ್ಯಳ ಹೊಲಿಗೆ ನೋಡಿ ಮೆಚ್ಚಿದಳು. ಶ್ರೀಲಂಕಾದ ಕೈಕೆಲಸದ ಮೇಳಕ್ಕೆ ಇಬ್ಬರನ್ನೂ ಕರೆತರುವ ಓಡಾಟವನ್ನೆಲ್ಲ ಅವಳೇ ಮಾಡಿದಳು. ಪಾಸ್‌ಪೋರ್ಟಿನ ಫೋಟೋಕ್ಕೆ ಭೀಮಕ್ಕನ ಕೂದಲನ್ನು ಅವಳೇ ಬಾಚಿದ್ದಳು. ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಭೀಮಕ್ಕನಿಗೆ ಎಷ್ಟೋ ಸುಲಭವಾಗುತ್ತಿತ್ತು.

"ಶೆಡ್ಡು ನೀನೇ ನೋಡ್ಕೋಬೇಕು ಲಾವಣ್ಯ, ಶಿರಾದಲ್ಲೇ ಇದ್ದುಬಿಡು" ಎಂದು ಯಶಸ್ವಿನಿ ಮೇಳದ ಮೊದಲ ದಿನವೇ ಕೇಳಿದ್ದಳು. ಊರು ಮುಟ್ಟುವುದರೊಳಗೆ ಹೇಳುತ್ತೇನೆ ಎಂದಿದ್ದಳು ಲಾವಣ್ಯ. ನಾಳೆ ವಿಮಾನ. ಇಂದು ಒಂದು ದಿನ ಜಲಪಾತ, ಹಳೆಯ ಊರು ನೋಡಿಕೊಂಡು ಬರಲು ಯಶಸ್ವಿನಿಯೇ ವ್ಯಾನು ಮಾಡಿಸಿದ್ದಳು. ಅವಳ ಕೂಡ ಹೋಗುತ್ತೀಯಾ ಎಂದು ಭೀಮಕ್ಕ ಒಮ್ಮೆಯೂ ಕೇಳಲಿಲ್ಲ. ಲಾವಣ್ಯ ತಾನಾಗಿ ಹೇಳಲೂ ಇಲ್ಲ.

ಚಹಾ ತೋಟಗಳ ನಡುವೆ ವ್ಯಾನು ಏರಿ ಏರಿ ಒಂದು ಜಲಪಾತದ ಮುಂದೆ ನಿಂತಿತು. ಮಳೆ ಹೊಯ್ದ ಮೇಲೆ ಒಂದೆರಡು ದಿನ ಮಧುಗಿರಿ ಬೆಟ್ಟದ ಕರಿಮೈ ಮೇಲೆ ಬೆಳ್ಳಿ ಎಳೆಯಂತೆ ಇಳಿಯುವ ನೀರನ್ನು ನೋಡಿದ್ದ ಭೀಮಕ್ಕನಿಗೆ ಇದನ್ನು ನೀರು ಅನ್ನಲು ನಾಲಿಗೆ ಏಳಲಿಲ್ಲ. ಕೊರಟಗೆರೆಯ ಸಿದ್ದರಬೆಟ್ಟಕ್ಕೆ ಲಾವಣ್ಯಳ ಜೊತೆ ಹತ್ತಿದ್ದ ದಿನ, ಬಂಡೆಯ ಸಂದಿನಲ್ಲಿ ಜಿನುಗುವ ನೀರನ್ನು ಬೊಗಸೆಯಲ್ಲಿ ಹಿಡಿದು ಒಬ್ಬರಿಗೊಬ್ಬರು ಕುಡಿಸಿದ್ದು ನೆನಪಾಯಿತು. ಇಲ್ಲಿ ನೀರು ಯಾರ ಬೊಗಸೆಗೂ ಕಾಯುತ್ತಿರಲಿಲ್ಲ. ಮೇಲಿನಿಂದ ಬಿದ್ದು, ಮುರಿದು, ಹೊಗೆಯಾಗಿ ಮತ್ತೆ ಮೇಲೇಳುತ್ತಿತ್ತು.

"ಭೀಮಕ್ಕನೋರೇ, ನಮ್ಮಿಬ್ರುದೂ ಒಂದು ಫೋಟೋ ತೆಗೀರಿ" ಎಂದು ಯಶಸ್ವಿನಿ ಮೊಬೈಲ್ ಕೈಗಿತ್ತಳು.

ಇಬ್ಬರೂ ಕಟ್ಟೆಯ ಮೇಲೆ ಹೆಗಲಿಗೆ ಹೆಗಲು ತಾಗಿಸಿ ನಿಂತರು. ಯಶಸ್ವಿನಿ ಲಾವಣ್ಯಳ ಭುಜದ ಮೇಲೆ ಕೈ ಹಾಕಿದಳು. ಭೀಮಕ್ಕ ಮೊಬೈಲನ್ನು ಮೆಲ್ಲಗೆ ಎತ್ತಿದಳು, ಇನ್ನಷ್ಟು ಎತ್ತಿದಳು, ಒತ್ತಿದಳು.

ಫೋಟೋ ನೋಡಿ ಲಾವಣ್ಯ, "ಏಂದಕ್ಕಾ ಇದು! ಬರೀ ನೀರೇ ಐತೆ. ಕೆಳಗೆ ನಮ್ ಬೈತಲೆ ಎರಡು ಕಾಣ್ತವೆ ಅಷ್ಟೆ" ಅಂದಳು.

"ನೀರು ನೋಡಕ್ಕೆ ತಾನೆ ಬಂದಿರೋದು? ನಿಮ್ ಮಕ ಊರಾಗೂ ಇರ್ತೈತೆ."

"ಇನ್ನೊಂದ್ ತೆಗಿ."

"ಕೈ ನಡುಗ್ತೈತೆ ಕಣಮ್ಮ, ಚಳಿ."

ಲಾವಣ್ಯ ಅವಳನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಮೊಬೈಲನ್ನು ವ್ಯಾನಿನ ಡ್ರೈವರಿಗೆ ಕೊಟ್ಟಳು. ಅವನು ಚೆನ್ನಾಗಿಯೇ ತೆಗೆದ. ಮತ್ತೆ ಹೊರಟಾಗ ಮುಂದಿನ ಸೀಟಿನಲ್ಲಿ ಎರಡು ತಲೆಗಳು ಆ ಫೋಟೋದ ಮೇಲೆ ಬಾಗಿ ಒಂದಾದವು. ಗಂಟು ಒರಗಿತು. ಈ ಸಲ ಭೀಮಕ್ಕ ತಳ್ಳಲಿಲ್ಲ.

ಮಧ್ಯಾಹ್ನ ಚಾಪೆ ನೇಯುವವರ ಹಳ್ಳಿಗೆ ಬಂದರು. ತಲೆಮಾರುಗಳಿಂದ ಅದೇ ಕಸುಬು ಮಾಡುವವರು ಎಂದು ಡ್ರೈವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಯಶಸ್ವಿನಿ ಕನ್ನಡಕ್ಕೆ ತಿರುಗಿಸಿದಳು. ಅವರು ಹೊಕ್ಕ ಮನೆಯ ಹೆಂಗಸಿನ ಹೆಸರು ಸೋಮಾವತಿ.

"ಅಯ್ಯೋ, ನಮ್ ಕಡೆ ಹೆಸರೇ ಅಲ್ವಾ!" ಅಂದಳು ಭೀಮಕ್ಕ. ಬೆಳಗಿನಿಂದ ಅವಳು ಮನಸ್ಸಿಟ್ಟು ಆಡಿದ ಮೊದಲ ಮಾತು ಅದು.

ಸೋಮಾವತಿ ಕಪ್ಪು ಟೀ ತಂದಳು, ಅಂಗೈಗೆ ಒಂದೊಂದು ಚೂರು ಬೆಲ್ಲ ಇಟ್ಟಳು. ಬೆಲ್ಲ ಕಚ್ಚಿಕೊಂಡು ಟೀ ಕುಡಿಯಬೇಕಂತೆ. ಜಗುಲಿಯಲ್ಲಿ ನೆಲಕ್ಕೆ ಹೊಂದಿಕೊಂಡಂತೆ ಮಗ್ಗ. ಕೆಂಪು ಕಪ್ಪು ನಾರಿನಲ್ಲಿ ಅರ್ಧಕ್ಕಿಂತ ಹೆಚ್ಚು ನೇಯ್ದ ಒಂದು ಚಿಕ್ಕ ಚಾಪೆ. ಈ ಕಡೆಯಿಂದ ಒಬ್ಬರು ಸಣ್ಣ ಕೋಲಿಗೆ ನಾರು ಸಿಕ್ಕಿಸಿ ತೂರಿಸಿದರೆ ಆ ಕಡೆಯವರು ಹಿಡಿದು ಎಳೆದು ಕೋಲನ್ನು ಹಿಂದಕ್ಕೆ ಕೊಡಬೇಕು. ಆಚೆ ಕೂರುತ್ತಿದ್ದ ಮಗಳು ಪೇಟೆಗೆ ಹೋಗಿದ್ದಾಳೆ ಎಂದು ಸೋಮಾವತಿ ಕೈಸನ್ನೆ ಮಾಡಿದಳು. ನೋಡಲು ಬಂದವರಲ್ಲಿ ಯಾರಾದರೂ ಒಂದೆರಡು ಎಳೆ ಹಿಡಿಯಲಿ, ತಮಾಷೆಗೆ, ಎಂದು ನಕ್ಕಳು.

ಭೀಮಕ್ಕ ಬೆಲ್ಲ ನುಂಗಿ, ಸೆರಗು ಸಿಕ್ಕಿಸಿಕೊಂಡು ಆಚೆ ತುದಿಯಲ್ಲಿ ಕೂತಳು.

ಮೊದಲು ಕೋಲು ಎಡವಿತು. ನಾರು ಉಣ್ಣೆಯಂತಲ್ಲ, ಒರಟು, ಬಾಗುವುದಿಲ್ಲ. ನಾಲ್ಕಾರು ಎಳೆ ಹೋದ ಮೇಲೆ ಎದುರಿನವಳ ಕೈ ಯಾವಾಗ ಬರುತ್ತದೆಂದು ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗತೊಡಗಿತು. ಕೋಲು ಹೋಯಿತು, ಬಂತು. ಸೋಮಾವತಿ ಏನೋ ಗುನುಗಿದಳು. ಭಾಷೆ ಬಾರದ ಭೀಮಕ್ಕ ಅದಕ್ಕೆ ಹ್ಞೂಂಗುಟ್ಟಿದಳು.

"ಸಾಕು ಭೀಮಕ್ಕನೋರೇ, ಹೊರಡೋಣ" ಅಂದಳು ಯಶಸ್ವಿನಿ. "ಇನ್ನೂ ದೊಡ್ಡ ಫಾಲ್ಸ್ ಇದೆ. ಅದನ್ನ ನೋಡೋಕೇ ಬಂದಿರೋದು."

"ಈಗ್ಲಾ? ಇಡ್ಕೊಂಡ್ಬುಟ್ಟಿದೀನಲ್ಲವ್ವ."

"ಅಂದ್ರೆ?"

"ಮುಗಿಯೋಗಂಟ ಬುಡಂಗಿಲ್ಲ."

ಯಶಸ್ವಿನಿಗೆ ಆ ಹಟ ಅರ್ಥವಾಗಲಿಲ್ಲ. ಇದು ಕಂಬಳಿಯ ಹಾಸಲ್ಲ, ನಾರಿನ ಚಾಪೆ, ಯಾರು ಯಾವಾಗ ಎದ್ದರೂ ಏನೂ ಆಗುವುದಿಲ್ಲ ಎಂದು ಡ್ರೈವರ ಮೂಲಕ ಸೋಮಾವತಿಯನ್ನು ಕೇಳಿಸಿ ಹೇಳಿದಳು. ಸೋಮಾವತಿಯೂ ಹೋಗಿ ಹೋಗಿ ಎಂದು ಕೈಯಾಡಿಸಿದಳು. ಭೀಮಕ್ಕ ಏಳಲಿಲ್ಲ. ತಮಾಷೆಗೆ ತುದಿ ಹಿಡಿಯುವುದು ಅವಳು ಕಂಡು ಕೇಳಿದ್ದಲ್ಲ. ಹೊರಗೆ ಡ್ರೈವರು ಹಾರ್ನ್ ಹೊಡೆದ, ಮಂಜು ಇಳಿದರೆ ಜಲಪಾತ ಕಾಣುವುದಿಲ್ಲ ಎಂದು ಗೊಣಗಿದ.

"ನೀನಾದ್ರೂ ಹೇಳು ಲಾವಣ್ಯ" ಎಂದಳು ಯಶಸ್ವಿನಿ.

ಲಾವಣ್ಯ ಕಂಬಕ್ಕೆ ಒರಗಿ ನಿಂತಿದ್ದಳು. ಅವಳ ಕೈಯಲ್ಲಿದ್ದ ಟೀ ಹಾಗೇ ಇತ್ತು. "ನಾನೇನ್ ಹೇಳ್ಳಿ. ಅವಳು ಏಳಲ್ಲ" ಅಂದಳು. ದನಿ ಬೇರೆಯಾಗಿತ್ತು.

ಭೀಮಕ್ಕ ತಲೆ ಎತ್ತಿ ನೋಡಿದಳು.

ಲಾವಣ್ಯಳ ಕಣ್ಣು ಕೋಲಿನ ಜೊತೆ ಹೋಗುತ್ತಿತ್ತು, ಬರುತ್ತಿತ್ತು. ಕೆಳತುಟಿ ಹಲ್ಲಿನಡಿ ಸಿಕ್ಕಿತ್ತು. ಸೋಮಾವತಿ ನಗುತ್ತಾ ಭೀಮಕ್ಕನ ಮೊಣಕಾಲು ತಟ್ಟಿದಾಗ ಲಾವಣ್ಯಳ ಮೂಗಿನ ಹೊಳ್ಳೆ ಅರಳಿತು. ಆ ಮುಖ ಭೀಮಕ್ಕನಿಗೆ ಹೊಸದೇನಲ್ಲ. ಬೆಳಗಿನಿಂದ ತಾನೂ ಅದೇ ಮುಖ ಹೊತ್ತು ವ್ಯಾನಿನ ಹಿಂದಿನ ಸೀಟಿನಲ್ಲಿ ಕೂತಿದ್ದಳಲ್ಲ.

ಭೀಮಕ್ಕನ ಕೈ ತಪ್ಪಿತು. ಕೋಲು ಜಾರಿ ಕೆಳಗೆ ಬಿತ್ತು.

"ಉಷಾರಕ್ಕಾ" ಅಂದಳು ಲಾವಣ್ಯ. "ಹೊಸ ಜೋಡಿ ಏನಂದ್ಕೊಂಡಾಳು."

"ಏನೂ ಅಂದ್ಕಳಲ್ಲ. ಬಾಳ ಒಳ್ಳೇವಳು."

"ಒಂದ್ ಗಳಿಗೇಗೇ ಗೊತ್ತಾಗೋಯ್ತಾ?"

"ಕೈ ಇಡುದ್ರೆ ಗೊತ್ತಾಗ್ತೈತಮ್ಮ."

"ಅಂಗಾದ್ರೆ ಇಲ್ಲೇ ಇದ್ಬುಡು, ಚಾಪೆ ನೇಯ್ಕೊಂಡು!"

"ನೀನ್ ಸಿರಾದಾಗೆ ಇದ್ರೆ ನಾನೆಲ್ಲಿದ್ರೇನು?"

ಮಾತು ಹೊರಬಿದ್ದಿತ್ತು. ಯಶಸ್ವಿನಿ ಇಬ್ಬರನ್ನೂ ನೋಡಿದಳು. ಮೊಬೈಲು ತೆಗೆದು ಮಗ್ಗದ ಫೋಟೋ ಹಿಡಿದಳು. ಲಾವಣ್ಯ ಟೀಯನ್ನು ಒಂದೇ ಗುಟುಕಿಗೆ ಕುಡಿದು, ಬೆಲ್ಲವನ್ನು ಮರೆತು, ಅಂಗಳಕ್ಕಿಳಿದು ಬೆನ್ನು ಮಾಡಿ ನಿಂತಳು.

ಚಾಪೆ ಮುಗಿಯುವ ಹೊತ್ತಿಗೆ ಗುಡ್ಡದ ಮೇಲೆ ಮಂಜು ಇಳಿದಿತ್ತು. ದೊಡ್ಡ ಜಲಪಾತದ ಸದ್ದನ್ನಷ್ಟೆ ಕೇಳಿ ವ್ಯಾನು ತಿರುಗಿತು. ಯಶಸ್ವಿನಿ ಸಿಟ್ಟನ್ನು ತೋರಿಸಿಕೊಳ್ಳದೆ ಮುಂದಿನ ಸೀಟಿನಲ್ಲಿ ಕಣ್ಣು ಮುಚ್ಚಿದಳು. ಲಾವಣ್ಯ ಕಂಬಳಿಗಳ ಗಂಟನ್ನು ಎತ್ತಿ ಯಶಸ್ವಿನಿಯ ಪಕ್ಕಕ್ಕಿಟ್ಟು, ಬಂದು ಭೀಮಕ್ಕನ ಪಕ್ಕ ಕೂತಳು. ಚಹಾ ಗಿಡಗಳ ಸಾಲು ಕಿಟಕಿಯಲ್ಲಿ ಹಾಸಿನ ಎಳೆಗಳಂತೆ ಓಡುತ್ತಿತ್ತು.

"ಹೋಗ್ತೀನಕ್ಕಾ" ಅಂದಳು ಲಾವಣ್ಯ ಕೊನೆಗೆ. "ಸಿರಾಕ್ಕೆ. ಶೆಡ್ಡು ಅಂದ್ರೆ ನಂಗಿಷ್ಟ ಆಗೈತೆ. ನಿನಗೆ ಹೇಳೋಕೆ ಭಯ ಆಯ್ತಿತ್ತು."

ಭೀಮಕ್ಕ ಕಿಟಕಿಯ ಕಡೆಯೇ ನೋಡುತ್ತಿದ್ದಳು. "ಮನೇಲಿರೋ ಹಾಸು ಮುಗುಸ್ಕೊಟ್ಟು ಓಗು" ಅಂದಳು.

"ಅಷ್ಟೂ ತಿಳಿಯಲ್ವಾ ನಂಗೆ?"

ಊರಿಗೆ ಬಂದ ಮೇಲೆ ಲಾವಣ್ಯ ಹಾಗೇ ಮಾಡಿದಳು. ಹಾಸು ಮುಗಿಸಿ, ಮರುದಿನ ಬೆಳಿಗ್ಗೆ ಶಿರಾಕ್ಕೆ ಹೊರಟಳು. ಈಗ ಆಚೆ ತುದಿಯನ್ನು ಭೀಮಕ್ಕನ ನಾದಿನಿಯ ಮಗಳು ಪವಿತ್ರ ಹಿಡಿಯುತ್ತಾಳೆ. ಹುಡುಗಿಯ ಹೆಜ್ಜೆ ದೊಡ್ಡದು. ಅವಳು ನಡುವಿಗೆ ಬಂದು ನಿಂತು ಕಾಯುತ್ತಾಳೆ. ಶಿರಾದಲ್ಲಿ ಲಾವಣ್ಯ ಯಾರ ಜೊತೆ ಊಟಕ್ಕೆ ಕೂರುತ್ತಾಳೆ, ಯಾರ ಮಾತಿಗೆ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಾಳೆ ಎಂದು ನೂಲು ಎಳೆಯುವಾಗ ಭೀಮಕ್ಕನ ಮನಸ್ಸು ಈಗಲೂ ಹುಡುಕಾಡುತ್ತದೆ.

ಯಶಸ್ವಿನಿ ಕಳಿಸಿದ ಫೋಟೋಗಳಲ್ಲಿ ಒಂದನ್ನು ಭೀಮಕ್ಕ ಮಧುಗಿರಿಯ ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ನಡುಮನೆಯಲ್ಲಿ ತೂಗುಹಾಕಿದ್ದಾಳೆ. ಜಲಪಾತದ್ದಲ್ಲ. ಮಗ್ಗದ ಎರಡು ಕಡೆ ತಾನು, ಸೋಮಾವತಿ. ಹಿಂದೆ ಕಂಬದ ಪಕ್ಕದಲ್ಲಿ, ಮಸುಕಾಗಿ, ಟೀ ಲೋಟ ಹಿಡಿದು ಮುಖ ಗಂಟಿಕ್ಕಿದ ಲಾವಣ್ಯ. ಬಂದವರೆಲ್ಲ ಸೋಮಾವತಿಯನ್ನು ತೋರಿಸಿ ಇವಳ್ಯಾರು ಎಂದು ಕೇಳುತ್ತಾರೆ. ಭೀಮಕ್ಕ ಲಂಕೆಯ ಕಥೆ ಹೇಳುತ್ತಾಳೆ, ಬೆಲ್ಲದ ಟೀ, ಮಂಜು, ಎಲ್ಲ. ಹೇಳುವಾಗ ಅವಳ ಕಣ್ಣು ಕಂಬದ ಪಕ್ಕಕ್ಕೇ ಹೋಗುತ್ತದೆ.

ಹಬ್ಬಕ್ಕೆ ಊರಿಗೆ ಬಂದ ಲಾವಣ್ಯ ಅದನ್ನು ನೋಡಿ ಹಣೆ ಚಚ್ಚಿಕೊಂಡಳು. "ಅಯ್ಯೋ, ತೆಗಿಯಕ್ಕಾ ಅದನ್ನ! ನನ್ ಮಕ ನೋಡು, ಹುಣಸೆಹುಳಿ ಕುಡ್ದಂಗೈತೆ. ಬೇರೆದು ಹಾಕು."

"ಇರ್ಲಿ ಬುಡೇ" ಅಂದಳು ಭೀಮಕ್ಕ, ಕಟ್ಟಿನ ಗಾಜನ್ನು ಸೆರಗಿನಿಂದ ಒರೆಸುತ್ತಾ. "ಸೋಮಾವತಿ ಚೆನ್ನಾಗಿ ಬಂದವಳೆ."